ಕಪ್ಪೆಯ ಬಂಡೆಯಿಂದ ಬಂದ ಕೂಗು

ಕೆರೆಯ ಬಂಡೆಯ ಮೇಲೆ ಕೂತು ಮಳೆಯ ಸುದ್ದಿ ಹೇಳುವುದು ಒಂದು ಕಪ್ಪೆಯ ಕಾಯಕ. ಅದರ ಮಾತು ಎಂದೂ ಹುಸಿಯಾಗಿರಲಿಲ್ಲ, ಹಾಗಾಗಿ ಕಾಡೆಲ್ಲ ಕಿವಿಗೊಡುತ್ತಿತ್ತು. ಒಂದು ದಿನ ಗೊರವಂಕ ಬಂದು, "ಕಪ್ಪಣ್ಣ, ನೀನು ಉಸಿರು ಎಳೆದುಕೊಳ್ಳುವ ಹೊತ್ತಿನಲ್ಲಿ ಬೇರೆಯವರ ಪರವಾಗಿ ಇಲ್ಲಿಂದ ನಾನು ಎರಡು ಮಾತು ಕೂಗುತ್ತೇನೆ. ದಿನಾ ನಿನ್ನ ಹೊಟ್ಟೆಗೆ ಹುಳು ತರುತ್ತೇನೆ" ಎಂದಿತು. ಕಪ್ಪೆ ಒಪ್ಪಿತು.

ಮೊದಮೊದಲು ಹಣ್ಣಿನ ಸುದ್ದಿ, ಜೇನಿನ ಸುದ್ದಿ. ಆಮೇಲೊಮ್ಮೆ ಗೊರವಂಕ, "ಮರಿಗಳಿಗೆ ಬೆಚ್ಚನೆಯ ಪೊದೆಯಿದೆ, ಕಳುಹಿಸಿಕೊಡಿ" ಎಂದು ಕೂಗಿತು. ಆ ಪೊದೆಯ ಸುತ್ತ ಕಾಡುಬೆಕ್ಕು ಸುಳಿಯುವುದನ್ನು ಕಪ್ಪೆ ಕಂಡಿತ್ತು. ಬೇಡವೆನ್ನಬೇಕೆಂದುಕೊಂಡಿತು, ಆದರೆ ಬಾಯಿ ತುಂಬ ಹುಳುವಿತ್ತು.

ಮೂರನೆಯ ದಿನ ಗೌಜಲಕ್ಕಿ ಬಂದಿತು. "ಆ ಪೊದೆಗೆ ಹೋದ ನನ್ನ ಎರಡು ಮರಿ ಹಿಂತಿರುಗಲಿಲ್ಲ."

"ಅದು ನನ್ನ ಮಾತಲ್ಲ ತಾಯಿ, ಗೊರವಂಕದ್ದು."

"ಗೊರವಂಕ ಯಾರೋ ನನಗೆ ಗೊತ್ತಿಲ್ಲ. ನಾನು ನಂಬಿದ್ದು ನಿನ್ನ ಬಂಡೆಯನ್ನು."

ಕಪ್ಪೆ ಅಂದೇ ಗೊರವಂಕಕ್ಕೆ, "ಕಾಡುಬೆಕ್ಕಿನ ಪರವಾಗಿ ಕೂಗುವುದು ಇನ್ನು ಇಲ್ಲಿ ಬೇಡ. ಉಳಿದವರದನ್ನೂ ನನಗೆ ಹೇಳಿಯೇ ಕೂಗು" ಎಂದು ಕಟ್ಟುಮಾಡಿತು.

ಆ ವಾರವೇ ಬೆಟ್ಟದ ಕಡೆ ಮೋಡ ಕಪ್ಪಿಟ್ಟಿತು. "ಕೆರೆ ಒಡೆಯುತ್ತದೆ, ಎತ್ತರಕ್ಕೆ ಹೋಗಿ" ಎಂದು ಕಪ್ಪೆ ಗಂಟಲು ಹರಿಯುವಂತೆ ಕೂಗಿತು. ಕೆಳಗಿನ ಹುಲ್ಲಿನಲ್ಲಿ ಗೌಜಲಕ್ಕಿ ಉಳಿದ ಮರಿಗಳಿಗೆ ಹೇಳುತ್ತಿದ್ದುದು ಅದಕ್ಕೆ ಕೇಳಿಸಿತು:

"ಕದಲಬೇಡಿ ಮಕ್ಕಳೇ, ಅದು ಆ ಬಂಡೆಯ ಮಾತು."