ಬಸಲಿಂಗನ ಹಗಲು

ನದಿ ದಡದ ಆಶ್ರಮಕ್ಕೆ ಬಸಲಿಂಗ ಎಂಬ ಕುರುಡ ಶಿಷ್ಯನಾಗಿ ಬಂದ. ಕೋಣೆ ಹಂಚುವ ಕೆಲಸ ಹಿರಿಯ ಶಿಷ್ಯ ಭುಜಂಗನದು. ಆಗ ಖಾಲಿಯಿದ್ದದ್ದು ಮೂಡಣ ಕಿಟಕಿಯ ಕೋಣೆ. ಅದಕ್ಕೆ ಭುಜಂಗ ತಾನೇ ಹೋದ. ಬಸಲಿಂಗನನ್ನು ಕಿಟಕಿಯಿಲ್ಲದ ಉಗ್ರಾಣದಲ್ಲಿ ಇರಿಸಿದ.

"ಎಡವಿ ಬಿದ್ದೀಯ, ಒಳಗೇ ಇರು," ಎಂದ. ಕುರುಡನಿಗೆ ಕಿಟಕಿ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಮಳೆಗಾಲ ಕಳೆಯುವಷ್ಟರಲ್ಲಿ ಬಸಲಿಂಗನಿಗೆ ಇರುಳೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ.

ಭುಜಂಗ ಗುರುಗಳಲ್ಲಿಗೆ ಹೋದ. "ಅವನನ್ನು ಊರಿಗೆ ಕಳಿಸಿಬಿಡಿ ಗುರುಗಳೇ. ಅವನಲ್ಲಿ ತಮಸ್ಸು ಹೆಚ್ಚು. ಇವತ್ತು ಪಾಠದಲ್ಲಿ ಗೊರಕೆ ಹೊಡೆದ."

"ನನ್ನ ಪಾಠಕ್ಕೆ ಗೊರಕೆ ಹೊಡೆದವರು ಮೊದಲೂ ಇದ್ದರು," ಎಂದರು ಗುರುಗಳು, ಭುಜಂಗನನ್ನೇ ನೋಡುತ್ತ. "ಅವನು ಎಲ್ಲಿ ಮಲಗುತ್ತಾನೆ?"

"ಉಗ್ರಾಣದಲ್ಲಿ."

ಗುರುಗಳು ಎದ್ದರು.

ಬಾಗಿಲು ತೆರೆದಾಗ ಬಸಲಿಂಗ ಗೋಡೆಗೆ ಒರಗಿ ಕೂತಿದ್ದ. ಊಟದ ತಟ್ಟೆ ಹಾಗೇ ಇತ್ತು.

"ಯಾಕೋ, ಊಟ ಮಾಡಿಲ್ಲ?" ಎಂದ ಭುಜಂಗ.

"ಉಪವಾಸ ಅಣ್ಣ. ಈ ಸೋಮಾರಿತನ ಬಿಡಲಿ ಅಂತ. ನಿಮಗೆಲ್ಲ ತೊಂದರೆ ಕೊಟ್ಟೆ, ತಪ್ಪಾಯಿತು."



ಗುರುಗಳು ಬಸಲಿಂಗನ ಕೈ ಹಿಡಿದು ಅಂಗಳದ ಬಿಸಿಲಿಗೆ ಕರೆತಂದು ಕೂರಿಸಿದರು. "ಭುಜಂಗ, ಇವನ ಕಣ್ಣು ನೋಡು."

ಕಣ್ಣಪಾಪೆ ನಿಧಾನವಾಗಿ ಕಿರಿದಾಗುತ್ತಿತ್ತು.

"ಏನಾದರೂ ಕಾಣುತ್ತಿದೆಯೇನಪ್ಪಾ?"

"ಇಲ್ಲ ಗುರುಗಳೇ," ಎಂದ ಬಸಲಿಂಗ.

ಗುರುಗಳು ಪೂರ್ವಾಶ್ರಮದಲ್ಲಿ ಕಣ್ಣಿನ ವೈದ್ಯರು. "ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಪ್ರೋಟೀನುಗಳು ಹಲವು," ಎಂದರು. "ನೋಟಕ್ಕೆ ಬೇಕಾದವು ಇವನಲ್ಲಿ ಕೆಟ್ಟಿವೆ. ಇನ್ನೊಂದಿದೆ. ಅದು ಏನನ್ನೂ ತೋರಿಸುವುದಿಲ್ಲ, ಬೆಳಗಾಯಿತು ಎಂದು ಮೈಗೆ ಹೇಳುತ್ತದೆ, ಬಿಸಿಲಿಗೆ ಪಾಪೆಯನ್ನು ಕಿರಿದಾಗಿಸುತ್ತದೆ. ಅದು ಇವನಲ್ಲಿ ಚೆನ್ನಾಗಿದೆ. ಆದರೆ ಬೆಳಕೇ ತಾಕದಿದ್ದರೆ ಅದು ಏನು ಹೇಳೀತು?"

ಗುರುಗಳು ಭುಜಂಗನತ್ತ ತಿರುಗಿದರು.

"ತಮಸ್ಸು ಇವನಲ್ಲಿತ್ತೋ, ನೀನು ಕೊಟ್ಟ ಕೋಣೆಯಲ್ಲಿತ್ತೋ?"

ಭುಜಂಗ ಒಳಗೆ ಹೋಗಿ ತನ್ನ ಹಾಸಿಗೆ ಸುತ್ತಿ ಉಗ್ರಾಣಕ್ಕೆ ತಂದ. ಬಸಲಿಂಗನ ಚಾಪೆಯನ್ನು ಮೂಡಣ ಕಿಟಕಿಯ ಕೆಳಗೆ ಹಾಸಿದ. ಆಮೇಲೆ ಅಂಗಳಕ್ಕೆ ಬಂದು ಅವನೆದುರು ತಲೆ ತಗ್ಗಿಸಿ ನಿಂತ.

ಬಸಲಿಂಗ ಬಿಸಿಲಿಗೆ ಮುಖವೊಡ್ಡಿ ಕೇಳಿದ: "ಅಣ್ಣ ಸಿಟ್ಟು ಮಾಡಿಕೊಂಡು ಹೋದರೇ ಗುರುಗಳೇ?"

ಗುರುಗಳು ಭುಜಂಗನ ಕಡೆ ನೋಡಿದರು.

"ನೀನು ತಲೆ ತಗ್ಗಿಸಿದ್ದು ಇವನಿಗೆ ಕಾಣುವುದಿಲ್ಲಪ್ಪ. ಬಾಯಿಬಿಟ್ಟು ಹೇಳು."