ಮೈನಾ ಹಾಕಿದ ರುಜು

ಕಾಡಿನ ಟೀವಿಗೆ ಧಾರಾವಾಹಿ ತೆಗೆಯುವ ನರಿ, ಇಂಪಾಗಿ ಹಾಡುವ ಮೈನಾ ಮುಂದೆ ಕರಾರುಪತ್ರ ಹಿಡಿಯಿತು. "ನೀನೇ ನಾಯಕಿ. ಮೂರು ವರ್ಷ ಬೇರೆಲ್ಲೂ ಹಾಡುವಂತಿಲ್ಲ. ಕಥೆ ಬರೆಯುವುದು ಜೇಡಣ್ಣ!"

ಸೊಗಸಾಗಿ ಕಥೆ ನೇಯುವ ಜೇಡನ ಹೆಸರು ಕೇಳಿದ್ದೇ ತಡ, ಮೈನಾ ಓದದೆ ರುಜು ಹಾಕಿತು.

ತಿಂಗಳೊಳಗೆ ಜೇಡ ಪಕ್ಕದ ಕಾಡಿನ ಟೀವಿಗೆ ಹೊರಟುಹೋಯಿತು. ಅದರ ಜಾಗಕ್ಕೆ ಬಂದ ಗೂಬೆ, ಕಥೆ ತೋಚದೆ ನಾಯಕಿಯನ್ನು ಕೋಮಾಕ್ಕೆ ತಳ್ಳಿತು. ಮೈನಾ ದಿನವೂ ಕಣ್ಣು ಮುಚ್ಚಿ ಮಲಗಿತು. ಹಾಡು ಗಂಟಲಲ್ಲೇ ಒಣಗಿತು.

ಉಳಿದ ನೂಲು ಒಯ್ಯಲು ಬಂದ ಜೇಡನನ್ನು ಕಂಡು ಮೈನಾ ಮಲಗಿದಲ್ಲೇ ಗೋಳಾಡಿತು: "ಅಣ್ಣಾ, ನಿನ್ನ ಮುಖ ನೋಡಿಯಲ್ಲವೇ ನಾನು ಒಪ್ಪಿದ್ದು?"

"ಬೇಕೆಂದಾಗ ಬಿಟ್ಟುಹೋಗಬಹುದೆಂದು ನಾನು ಬರೆಸಿಕೊಂಡಿದ್ದೆ ತಂಗಿ. ನೀನೇಕೆ ಬರೆಸಿಕೊಳ್ಳಲಿಲ್ಲ?"

ಉತ್ತರಿಸಲು ಮೈನಾ ಕೊಕ್ಕು ತೆರೆಯಿತು.

"ಏಯ್!" ಕ್ಯಾಮೆರಾ ಹಿಂದಿನಿಂದ ನರಿ ಗದರಿತು. "ಕೋಮಾದಲ್ಲಿ ಬಿದ್ದವಳು ಮಾತಾಡುವುದುಂಟೇ? ಕಣ್ಣು ಮುಚ್ಚಮ್ಮ!"