ಕೆರೆ ಏರಿಯ ಹಸಿ ಎಲೆಗಳು

ಮಕ್ಕಳೇ, ಕೆರೆಯ ನೀರು ಹರಿದುಹೋಗದಂತೆ ಒಂದು ಬದಿಗೆ ಮಣ್ಣಿನ ಏರಿ ಹಾಕಿರುತ್ತಾರೆ, ನೋಡಿದ್ದೀರಲ್ಲ? ಕಾಡಂಚಿನ ಒಂದು ಕೆರೆಗೂ ಅಂಥ ಏರಿ ಇತ್ತು. ಏರಿಯ ತುಂಬ ಬಿಲಗಳು. ಅವುಗಳಲ್ಲಿ ಮೊಲ, ಉಡ, ಇಲಿ, ಮುಳ್ಳುಹಂದಿ ಅಂತ ಇಪ್ಪತ್ತು ಸಂಸಾರಗಳಿದ್ದವು.

ಬಿಲಗಳನ್ನೆಲ್ಲ ತೋಡಿದವನು ಗುದ್ದಪ್ಪ ಎಂಬ ಹೆಗ್ಗಣ. ಮೈ ದಪ್ಪ, ಮಾತು ನುಣುಪು. ಹೊಸ ಸಂಸಾರ ಬಂದಾಗಲೆಲ್ಲ ಬಿಲದ ಬಾಯಲ್ಲಿ ನಿಂತು ಏರಿಯ ಕಟ್ಟಳೆ ಹೇಳುತ್ತಿದ್ದ.

"ಒಂದು ಬಿಲಕ್ಕೆ ಒಂದು ಮತ. ನೀವು ಏರಿಯ ಮಣ್ಣು ಮುಟ್ಟಬೇಕಾದರೆ ಸಭೆ ಒಪ್ಪಬೇಕು. ಖಾಲಿ ಬಿಲಗಳ ಮತ ತೋಡಿದವನದು, ಅಂದರೆ ನನ್ನದು. ಎಲ್ಲ ಬಿಲ ತುಂಬಿದ ದಿನ ಯಜಮಾನಿಕೆ ನಿಮ್ಮ ಕೈಗೆ. ಆಗಬಹುದಾ?"

"ಆಗಲಿ, ಆಗಲಿ," ಎನ್ನುತ್ತಿದ್ದರು ಎಲ್ಲರೂ. ಮಳೆಗಾಲದೊಳಗೆ ಸೂರು ಸಿಕ್ಕರೆ ಸಾಕು ಎನ್ನುವವರು ಕಟ್ಟಳೆಗೆಲ್ಲಿ ಕಿವಿ ಕೊಟ್ಟಾರು?

ಎಲ್ಲ ಬಿಲ ತುಂಬುವ ದಿನ ಮಾತ್ರ ಬರಲೇ ಇಲ್ಲ. ಒಂದು ತುಂಬಿದರೆ ಗುದ್ದಪ್ಪ ಎರಡು ತೋಡುತ್ತಿದ್ದ.

ಏರಿಯ ಕೆಳಸಾಲಿನಲ್ಲಿ ಮಾಕವ್ವ ಎಂಬ ಸುಂಡಿಲಿ ಐದು ಮರಿಗಳೊಡನೆ ಇದ್ದಳು. ಅವಳ ಕಣ್ಣು ಮಂದ, ಮೂಗು ಬಲು ಚುರುಕು. ಒಂದು ಬೇಸಿಗೆಯ ಬೆಳಿಗ್ಗೆ ಬಿಲದ ಹಿಂದಿನ ಗೋಡೆಯಿಂದ ಹಸಿಮಣ್ಣಿನ ವಾಸನೆ ಬಂತು. ಮೂತಿಯಿಟ್ಟು ನೋಡಿದಳು. ತಣ್ಣಗಿತ್ತು. ಒಂದು ಹನಿ ಅವಳ ಮೀಸೆಗೆ ಅಂಟಿಕೊಂಡಿತು.

ಅವಳು ಓಡಿಹೋಗಿ ಗುದ್ದಪ್ಪನನ್ನು ಕಂಡಳು.

"ಯಜಮಾನರೇ, ನನ್ನ ಗೋಡೆ ಜಿನುಗುತ್ತಿದೆ. ಅದರ ಹಿಂದೆಯೇ ನೀವು ಹೊಸ ಬಿಲ ತೋಡಿದ್ದೀರಿ. ಕೆರೆ ನೀರಿಗೂ ನಮಗೂ ನಡುವೆ ಇನ್ನು ಮೊಳದಷ್ಟು ಮಣ್ಣೂ ಇಲ್ಲ."

"ಬೇಸಿಗೆಗೆ ತಂಪಾಗಿರುತ್ತೆ ಬಿಡವ್ವ," ಎಂದು ನಕ್ಕ ಗುದ್ದಪ್ಪ.

"ಮಳೆ ಬಂದರೆ?"

"ಮಳೆ ಬಂದಾಗ ನೋಡೋಣ."

ಮಾಕವ್ವ ಸುಮ್ಮನಾಗಲಿಲ್ಲ. ಸಭೆ ಕರೆಸಿದಳು. ಬಿಲದಲ್ಲಿ ವಾಸವಿಲ್ಲದ ಬೆಳ್ಳಕ್ಕಿಯೇ ಅಲ್ಲಿ ಮತ ಎಣಿಸುವುದು. ಬೇಸಿಗೆಯಾದ್ದರಿಂದ ಹದಿನೈದು ಸಂಸಾರಗಳು ಮೇವು ಹುಡುಕಿಕೊಂಡು ದೂರ ಹೋಗಿದ್ದವು. ಬಂದವರು ಐವರೇ.

"ಹೊಸ ಬಿಲ ತೋಡುವುದು ನಿಲ್ಲಬೇಕು. ಖಾಲಿ ಬಿಲಗಳಿಗೆ ಮಣ್ಣು ತುಂಬಬೇಕು," ಎಂದಳು ಮಾಕವ್ವ. ಐವರೂ ಕೈಯೆತ್ತಿದರು.

"ಬೇಡ," ಎಂದ ಗುದ್ದಪ್ಪ. ಅವನ ಖಾಲಿ ಬಿಲಗಳು ಹದಿನಾರು. ಅಲ್ಲಿಗೆ ಸಭೆ ಮುಗಿಯಿತು.

ಮರಳುವಾಗ ಬೆಳ್ಳಕ್ಕಿ ಮಾಕವ್ವನ ಪಕ್ಕದಲ್ಲಿ ಇಳಿದು ಮೆಲ್ಲಗೆ ಹೇಳಿತು: "ಕಟ್ಟಳೆಯಲ್ಲಿ ಇನ್ನೊಂದು ಮಾತಿದೆ, ಯಾರೂ ಕೇಳಿಸಿಕೊಂಡಿಲ್ಲ. ಬರಲಾಗದವರು ಮುತ್ತುಗದ ಎಲೆಗೆ ಕಾಲ ಗುರುತು ಒತ್ತಿ ಕೊಟ್ಟರೆ, ಆ ಎಲೆ ತಂದವರು ಅವರ ಮತ ಹಾಕಬಹುದು. ಇದಕ್ಕೆ ಬದಲಿ ಎಲೆ ಅನ್ನುತ್ತಾರೆ. ನಿಮ್ಮ ಇಪ್ಪತ್ತೂ ಸೇರಿದರೆ ಅವನು ಸೋಲುತ್ತಾನೆ."

ಮಾಕವ್ವ ಮರಿಗಳನ್ನು ನೆರೆಯ ಇಲಿಯವ್ವನ ಬಳಿ ಬಿಟ್ಟು ಹೊರಟಳು. ಸುಂಡಿಲಿಯ ಕಾಲೆಂದರೆ ಎಷ್ಟು ಮಹಾ? ಹುರುಳಿ ಹೊಲ ಸೇರಲು ಎರಡು ದಿನ ಹಿಡಿಯಿತು. ಅಲ್ಲಿದ್ದ ಬೋರಣ್ಣ ಎಂಬ ಮೊಲ ಅವಳ ಮಾತು ಕೇಳಿ ಕಣ್ಣೊರೆಸಿಕೊಂಡ.

"ನಮಗೋಸ್ಕರ ಇಷ್ಟು ದೂರ ಬಂದೆಯಾ ತಾಯೀ? ತಾ ಎಲೆ," ಎಂದು ಕೆಸರು ಮೆತ್ತಿದ ಪಾದ ಒತ್ತಿಕೊಟ್ಟ.

ಕಲ್ಲುಗುಡ್ಡದಲ್ಲಿ ಬಿಸಿಲು ಕಾಯಿಸುತ್ತಿದ್ದ ಉಡ ಕಾಳಪ್ಪನೂ ಒತ್ತಿದ. ಬಿದಿರ ಮೆಳೆಯ ಇಲಿಗಳು ಒತ್ತಿದವು. ಮುಳ್ಳುಹಂದಿಯಂತೂ ಎರಡು ಸಲ ಒತ್ತಿತು, ಗುರುತು ಸರಿಯಾಗಿ ಬೀಳಲೆಂದು. ಒಂಬತ್ತನೆಯ ದಿನ ಮಾಕವ್ವ ಹದಿನೈದು ಎಲೆಗಳನ್ನು ಬಳ್ಳಿಯಲ್ಲಿ ಕಟ್ಟಿ ಎಳೆದುಕೊಂಡು ಬಂದಳು. ಕಾಲು ಸೀಳಿತ್ತು. ಆದರೂ ಮರಿಗಳನ್ನು ಕಂಡು ನಗುತ್ತ ಹೇಳಿದಳು: "ಈ ಮಳೆಗಾಲ ಹೆದರಿಕೆಯಿಲ್ಲದೆ ಮಲಗಬಹುದು ಕಂದಾ."

ಅವಳು ಮರಳಿದ ಮಾರನೆಯ ದಿನ ಅದೇ ದಾರಿಯಲ್ಲಿ ಗುದ್ದಪ್ಪನೂ ಹೋದನೆಂದು ಅವಳಿಗೆ ಗೊತ್ತಿರಲಿಲ್ಲ.

ಗುದ್ದಪ್ಪ ಯಾರನ್ನೂ ಬೆದರಿಸಲಿಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದ.

"ಬೋರಣ್ಣ, ಮೇಲಿನ ಸಾಲಿನಲ್ಲಿ ಒಂದು ಒಳ್ಳೆಯ ಬಿಲ ಇದೆ. ಗಾಳಿ ಬೆಳಕು ಚೆನ್ನಾಗಿದೆ. ನಿನಗೇ ಅಂತ ಇಟ್ಟಿದ್ದೇನೆ. ನನಗೂ ಒಂದು ಎಲೆ ಒತ್ತಿಕೊಡು."

"ಮಾಕವ್ವನಿಗೆ ಕೊಟ್ಟಾಗಿದೆಯಲ್ಲ?"

"ಕೊಟ್ಟಿರು, ಯಾರು ಬೇಡ ಅಂದರು? ಅವಳ ಹತ್ತಿರ ಅಷ್ಟೊಂದು ಎಲೆ ಇವೆ. ನಿನ್ನ ಒಂದು ಎಲೆಯಿಂದ ಅವಳು ಸೋಲುತ್ತಾಳಾ?"

ಬೋರಣ್ಣ ಯೋಚಿಸಿದ. ಹೌದಲ್ಲ, ಅವಳು ಹೇಗೂ ಗೆಲ್ಲುತ್ತಾಳೆ. ಏರಿಯೂ ಉಳಿಯುತ್ತದೆ, ಮೇಲಿನ ಸಾಲಿನ ಬಿಲವೂ ಸಿಗುತ್ತದೆ. ಪಾದ ಒತ್ತಿದ.

ಎರಡನೆಯ ಸಭೆ ಸೇರಿತು. ಅಷ್ಟರಲ್ಲಿ ಗುದ್ದಪ್ಪ ಇನ್ನೆರಡು ಬಿಲ ತೋಡಿದ್ದ. ಅವನ ಖಾಲಿ ಬಿಲಗಳು ಈಗ ಹದಿನೆಂಟು. ಮಾಕವ್ವನ ಕಡೆ ಬಂದವರು ಐವರು, ಎಲೆಗಳು ಹದಿನೈದು. ಇಪ್ಪತ್ತಾಯಿತು. ಇಲಿಯವ್ವ ಸಂತೋಷ ತಡೆಯಲಾರದೆ ಕೀಚ್ ಎಂದಳು.

"ತಾಳಿ," ಎಂದ ಗುದ್ದಪ್ಪ. ಹೊಟ್ಟೆಯ ಕೆಳಗಿನಿಂದ ಐದು ಎಲೆ ತೆಗೆದು ಬೆಳ್ಳಕ್ಕಿಯ ಮುಂದಿಟ್ಟ.

ಬೆಳ್ಳಕ್ಕಿ ಎರಡೂ ಕಡೆಯ ಎಲೆಗಳನ್ನು ಹೋಲಿಸಿ ನೋಡಿತು. ಅದೇ ಮೊಲದ ಪಾದ, ಅದೇ ಉಡದ ಉಗುರು. ಮಾಕವ್ವನ ಎಲೆಗಳು ಬಾಡಿದ್ದವು. ಗುದ್ದಪ್ಪನವು ಇನ್ನೂ ಹಸಿಯಾಗಿದ್ದವು. ಅದು ತಲೆ ತಗ್ಗಿಸಿ ಹೇಳಿತು:

"ಒಬ್ಬರೇ ಎರಡು ಎಲೆ ಕೊಟ್ಟರೆ ಆಮೇಲೆ ಕೊಟ್ಟಿದ್ದೇ ಲೆಕ್ಕ. ಮಾಕವ್ವನಿಗೆ ಹದಿನೈದು, ಗುದ್ದಪ್ಪನಿಗೆ ಇಪ್ಪತ್ತಮೂರು."

ಮಾಕವ್ವ ಬಾಡಿದ ಎಲೆಗಳನ್ನು ಒಂದೊಂದಾಗಿ ಮೂಸಿದಳು. "ಇದು ಬೋರಣ್ಣನದು. ಕಣ್ಣೊರೆಸಿಕೊಂಡು ಕೊಟ್ಟಿದ್ದ," ಎಂದಳು. ಏರಿ ಬಿಟ್ಟು ಹೋಗೋಣವೆಂದರೆ ಮಳೆಗಾಲದ ಹೊಸ್ತಿಲಲ್ಲಿ ಐದು ಮರಿಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಮಳೆ ಹಿಡಿಯಿತು. ದೂರ ಹೋದವರೆಲ್ಲ ಮಕ್ಕಳು ಮರಿಗಳೊಡನೆ ಬಿಲಗಳಿಗೆ ಮರಳಿದರು. ನಾಲ್ಕು ದಿನ ಮಳೆ ಬಿಡಲಿಲ್ಲ, ಕೆರೆ ತುಂಬಿತು. ಐದನೆಯ ದಿನ ನಡುಮಧ್ಯಾಹ್ನ ಮಾಕವ್ವನ ಹಿಂದಿನ ಗೋಡೆ ಮೆತ್ತಗೆ ಒಳಗೆ ಕುಸಿಯಿತು.

"ಏಳಿ! ಓಡಿ! ಏರಿ ಹೋಯಿತು!" ಎಂದು ಸಾಲುಸಾಲಿಗೂ ಕೂಗುತ್ತ ಅವಳು ಹೊರಬಿದ್ದಳು. ಸುಂಡಿಲಿ ಮರಿಗಳು ಹೊರಡುವಾಗ ಮೊದಲನೆಯದು ತಾಯಿಯನ್ನು ಕಚ್ಚಿ ಹಿಡಿಯುತ್ತದೆ, ಎರಡನೆಯದು ಮೊದಲನೆಯದನ್ನು, ಹೀಗೆ ಸರಪಳಿಯಾಗಿ ಹೋಗುತ್ತವೆ. ನೀರು ಆ ಸರಪಳಿಯ ಮೇಲೆ ಬಂತು. ದಿಣ್ಣೆ ಹತ್ತಿ ತಿರುಗಿ ನೋಡಿದಾಗ ಅವಳ ಹಿಂದೆ ಇದ್ದವು ಎರಡೇ ಮರಿ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಏರಿ ಇರಲಿಲ್ಲ, ಕೆರೆಯೂ ಇರಲಿಲ್ಲ. ಗುದ್ದಪ್ಪ ಎಲ್ಲರಿಗಿಂತ ಮೊದಲೇ ಈಜಿ ಆಚೆ ದಡ ಸೇರಿ ಹೊರಟುಹೋಗಿದ್ದ.

ದಿಣ್ಣೆಯ ಮೇಲೆ ಉಳಿದವರು ನೆನೆದು ನಡುಗುತ್ತ ಕೂತಿದ್ದರು. ಬೋರಣ್ಣನ ಸಂಸಾರದಲ್ಲಿ ಉಳಿದವನು ಅವನೊಬ್ಬನೇ. ಅವನು ಮಾಕವ್ವನ ಹತ್ತಿರ ಬಂದ. ಕಿವಿಗಳು ಬೆನ್ನಿಗೆ ಅಂಟಿದ್ದವು.

"ನಂದೊಂದೇ ಎಲೆ ಅಂದುಕೊಂಡೆ ಮಾಕವ್ವ."

"ನಾನೂ ಹಾಗೇ ಅಂದುಕೊಂಡೆ," ಎಂದ ಕಾಳಪ್ಪ. ಆಮೇಲೆ ಬೋರಣ್ಣನ ಕಡೆ ತಿರುಗಿ ಕೇಳಿದ: "ನಿನಗೂ ಮೇಲಿನ ಸಾಲಿನ ಬಿಲವೇ?"

ಮುಳ್ಳುಹಂದಿ ಮುಖ ಎತ್ತಲಿಲ್ಲ. ಹಸಿ ಎಲೆ ಒತ್ತಿಕೊಟ್ಟ ಐವರಿಗೂ ಗುದ್ದಪ್ಪ ಮಾತು ಕೊಟ್ಟಿದ್ದು ಅದೊಂದೇ ಬಿಲ.

ಬೈಯಲು ಮಾಕವ್ವನಲ್ಲಿ ಶಕ್ತಿ ಇರಲಿಲ್ಲ. "ಈಗ ಆ ಮಾತು ಯಾಕಣ್ಣ? ಬಾ, ಹುಡುಕೋಣ," ಎಂದು ಕೆಸರಿಗೆ ಇಳಿದಳು. ಬೋರಣ್ಣ ಹಿಂದೆಯೇ ಇಳಿದ. ಸಂಜೆಯವರೆಗೂ ಇಬ್ಬರೂ ಕೆಸರು ಕೆದಕಿದರು. ಯಾರೂ ಸಿಗಲಿಲ್ಲ.

ನೀತಿ: "ನನ್ನದೊಂದರಿಂದ ಏನಾದೀತು" ಎಂದು ಒಬ್ಬೊಬ್ಬರೂ ತಮ್ಮ ಮಾತನ್ನು ಬಿಟ್ಟುಕೊಟ್ಟರೆ, ಎಲ್ಲರೂ ಸೇರಿ ಕಳೆದುಕೊಂಡದ್ದನ್ನು ಯಾರೊಬ್ಬರೂ ಮರಳಿ ತರಲಾರರು.